ಗ್ರಾಸ್ಟಾರ್ಕ್ ಕನ್ನಡಕ್ಕೆ ಬರುವ ದಾರಿಯಲ್ಲಿ

ಇಂಡಿಯಾನಾದ ಪತ್ರಕರ್ತ ಜಾರ್ಜ್ ಬಾರ್ ಮೆಕ್‌ಕಚನ್ 1901ರಲ್ಲಿ ಪ್ರಕಟಿಸಿದ ‘ಗ್ರಾಸ್ಟಾರ್ಕ್’ ಕಾದಂಬರಿಯನ್ನು ಕೆಲವು ವಾರಗಳಿಂದ ಕನ್ನಡಕ್ಕೆ ತರುತ್ತಿದ್ದೇನೆ. ತನ್ನ ಕಾಲದಲ್ಲಿ ಅಮೆರಿಕದ ಓದುಗರು ಮುಗಿಬಿದ್ದು ಕೊಂಡ ಈ ಪುಸ್ತಕ ಈಗ ಹೆಚ್ಚಿನವರಿಗೆ ಹೆಸರಾಗಿಯೂ ಉಳಿದಿಲ್ಲ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ. ಲೇಖಕರು 1928ರಲ್ಲಿ ತೀರಿಕೊಂಡದ್ದರಿಂದ ಹಕ್ಕುಸ್ವಾಮ್ಯದ ತೊಡಕಿಲ್ಲ.

ಪಶ್ಚಿಮ ವರ್ಜೀನಿಯಾದ ಬೆಟ್ಟಗಳ ನಡುವಿನ ಸಣ್ಣ ನಿಲ್ದಾಣವೊಂದರಲ್ಲಿ ರೈಲು ತಪ್ಪಿಹೋಗಿ, ಕಥಾನಾಯಕನಾದ ಗ್ರೆನ್‌ಫಾಲ್ ಲಾರಿ ಎಂಬ ಅಮೆರಿಕದ ತರುಣ ಮತ್ತು ಗುಗೆನ್‌ಸ್ಲಾಕರ್ ಎಂದು ಹೆಸರು ಹೇಳಿಕೊಂಡ ತರುಣಿ ಕುದುರೆಗಾಡಿಯಲ್ಲಿ ಕುಲುಕಾಡುತ್ತಾ ಅದೇ ರೈಲನ್ನು ಬೆನ್ನಟ್ಟುವ ಪ್ರಸಂಗವನ್ನು ನಿನ್ನೆ ರಾತ್ರಿ ಮೂರನೆಯ ಬಾರಿ ತಿದ್ದಿದೆ. ಆಕೆ ಗ್ರಾಸ್ಟಾರ್ಕ್ ಎಂಬ ಕಲ್ಪಿತ ಪುಟ್ಟ ರಾಜ್ಯದ ರಾಜಕುಮಾರಿ ಯೆಟಿವ್ ಎಂಬುದು ಅವನಿಗಿನ್ನೂ ತಿಳಿಯದು. ಇಂಗ್ಲಿಷಿನ ಒಂದೇ ‘ಯೂ’ ಅಲ್ಲಿ ಎಲ್ಲವನ್ನೂ ಮುಚ್ಚಿಡುತ್ತದೆ. ಕನ್ನಡದಲ್ಲಾದರೋ ಅವನು ‘ನೀವು’ ಬಿಟ್ಟು ‘ನೀನು’ ಎನ್ನುವ ಗಳಿಗೆ ಯಾವುದೆಂದು ನಾನೇ ನಿರ್ಧರಿಸಬೇಕು. ಗಾಡಿಯಲ್ಲೇ ‘ನೀನು’ ಎಂದರೆ ಅತಿ ಸಲಿಗೆ. ಕೊನೆಯವರೆಗೂ ‘ನೀವು’ ಎಂದರೆ ಪ್ರೇಮವೇ ತಣ್ಣಗಾಗುತ್ತದೆ.

ಅಮೆರಿಕದ ಸಾಮಾನ್ಯ ಪ್ರಜೆಯೂ ರಾಣಿಗೆ ಸಾಟಿ ಎಂಬ ಲೇಖಕರ ಹೆಮ್ಮೆ ಇಂದು ಕೊಂಚ ಜೋರಾಗಿ ಕೇಳಿಸುತ್ತದೆ ನಿಜ. ಆದರೆ ಅದನ್ನು ಮೆತ್ತಗಾಗಿಸುವ ಅಧಿಕಾರ ಅನುವಾದಕನಿಗಿಲ್ಲ ಎಂದೇ ನನ್ನ ನಂಬಿಕೆ. ಸದ್ಯಕ್ಕೆ ಇಬ್ಬರ ಬಾಯಲ್ಲೂ ‘ನೀವು’ ಎಂದೇ ಇಟ್ಟಿದ್ದೇನೆ. ರಾಜಧಾನಿ ಎಡೆಲ್‌ವೈಸ್‌ನ ಅರಮನೆಯ ಅಧ್ಯಾಯಗಳು ಬಂದಾಗ ಮತ್ತೆ ನೋಡುತ್ತೇನೆ.