ಕೊಲರಾಡೊ ಎಲ್ಕ್ ಬೇಟೆಯ ಕಿಟ್: ಬಟ್ಟೆ ಮುಗಿಯಿತು, ಬೂಟು ಬಾಕಿ

ಅಮೆರಿಕದ ಕೊಲರಾಡೊದಲ್ಲಿ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆ, ನವೆಂಬರ್‌ನ ರೈಫಲ್ ಸೀಸನ್‌ಗೆ (ರೈಫಲ್ ಬೇಟೆಗೆ ಅನುಮತಿಯಿರುವ ದಿನಗಳು) ಕಿಟ್ ಜೋಡಿಸುವ ಕೆಲಸ ಅರ್ಧ ದಾಟಿದೆ. ಜಾಗ ರಾಕಿ ಪರ್ವತಗಳಲ್ಲಿ 3,000 ಮೀಟರ್ ಆಸುಪಾಸು. ಬೆಳಗಿನ ಜಾವ ಮೈನಸ್ 15 ಡಿಗ್ರಿಗೆ ಇಳಿದರೂ ಅಚ್ಚರಿಯಿಲ್ಲ. ಆದರೂ ಚಳಿಗಿಂತ ಬೆವರಿಗೇ ಹೆಚ್ಚು ಹೆದರಬೇಕು. ಕತ್ತಲಲ್ಲಿ ಗಂಟೆಗಟ್ಟಲೆ ಏರು ಹತ್ತಿ, ಆಮೇಲೆ ಬೈನಾಕ್ಯುಲರ್ ಹಿಡಿದು ಅಲುಗಾಡದೆ ಕೂರಬೇಕು. ಹತ್ತುವಾಗ ನೆನೆದ ಬಟ್ಟೆ ಕೂತ ಮೇಲೆ ಮೈಯ ಕಾವನ್ನೆಲ್ಲ ಎಳೆದುಬಿಡುತ್ತದೆ.

ಬಟ್ಟೆ: ಮುಗಿದಿದೆ

ಮೈಗೆ ತಾಗುವ ಪದರ 150 ಜಿಎಸ್ಎಂ (ಚದರ ಮೀಟರಿಗೆ 150 ಗ್ರಾಂ ತೂಕದ) ಮೆರಿನೊ ಉಣ್ಣೆ. 250ರದ್ದು ಬೆಚ್ಚಗಿರುತ್ತದೆ, ಆದರೆ ನೆನೆದರೆ ಬೇಗ ಒಣಗದು. ಅದನ್ನು ರಾತ್ರಿ ಮಲಗುವಾಗಿನ ಒಣ ಜೋಡಿಗೆ ಸೇರಿಸಿದ್ದಾಯಿತು. ಮೇಲೆ ಎದೆವರೆಗೆ ಜಿಪ್ ಇರುವ ಗ್ರಿಡ್ ಫ್ಲೀಸ್ (ಒಳಗೆ ಚೌಕಳಿ ಗೆರೆಗಳಿರುವ ಮೆತ್ತನೆಯ ಬೆಚ್ಚನೆ ಬಟ್ಟೆ). ಹತ್ತುವಾಗ ಇವೆರಡೇ ಸಾಕು. ಹೊರಡುವ ಹೊತ್ತಿಗೆ ತುಸು ನಡುಕ ಇರಬೇಕು. ಆಗಲೇ ಹಿತವೆನಿಸಿದರೆ ಸ್ವಲ್ಪ ದೂರದಲ್ಲೇ ಬೆನ್ನು ಒದ್ದೆ.

ಪಫಿ (ಒಳಗೆ ಬೆಚ್ಚನೆಯ ತುಂಬು ಇರುವ ಉಬ್ಬಿದ) ಜಾಕೆಟ್ ಬ್ಯಾಗಿನಲ್ಲಿ ಎಲ್ಲಕ್ಕಿಂತ ಮೇಲೆ. ಕೂತ ತಕ್ಷಣ, ಚಳಿ ಹತ್ತುವ ಮೊದಲೇ ಹಾಕಿಕೊಳ್ಳಬೇಕು. ಡೌನ್ (ಹಕ್ಕಿಯ ಮೃದು ಪುಕ್ಕದ ತುಂಬು) ಹಗುರ, ಆದರೆ ನೆನೆದರೆ ಮುದ್ದೆಗಟ್ಟುತ್ತದೆ. ಅದಕ್ಕೇ ಸಿಂಥೆಟಿಕ್ ಆರಿಸಿದ್ದು. ಒಳಗಿನ ಉದ್ದ ಚಡ್ಡಿಗೆ ಪಕ್ಕದಲ್ಲಿ ಪೂರ್ತಿ ಜಿಪ್ ಇದ್ದರೆ ಬೂಟು ಬಿಚ್ಚದೆಯೇ ತೆಗೆಯಬಹುದು. ಹೊರಪದರವನ್ನು ಅಂಗಡಿಯಲ್ಲೇ ಉಜ್ಜಿ ಕೇಳಿ ನೋಡಿ: ಮಳೆ ಜಾಕೆಟ್‌ನ ಸರಪರ ಸದ್ದು ಎಲ್ಕ್ ಕಿವಿಗೆ ಬೀಳದಿರದು. ನಯವಾದ ನಾರಿನ ಸಾಫ್ಟ್‌ಶೆಲ್ (ಮೆತ್ತನೆಯ ಹೊರ ಜಾಕೆಟ್) ಸದ್ದು ಮಾಡುವುದಿಲ್ಲ.

ಕೊಲರಾಡೊ ಕಾನೂನಿನಂತೆ ಸೊಂಟದ ಮೇಲೆ 500 ಚದರ ಅಂಗುಲ ಹೊಳೆವ ಕಿತ್ತಳೆ ಅಥವಾ ಗುಲಾಬಿ ಬಣ್ಣ ಕಾಣಬೇಕು, ಟೋಪಿಯೂ ಅದೇ ಬಣ್ಣದ್ದಿರಬೇಕು. ಕ್ಯಾಮೊ (ಮರೆಮಾಚುವ ಚಿತ್ತಾರದ) ಮಾದರಿಯ ಕಿತ್ತಳೆ ಲೆಕ್ಕಕ್ಕಿಲ್ಲ. ವೆಸ್ಟ್ ಪಫಿಯ ಮೇಲೆ ಹಿಡಿಸುವಷ್ಟು ದೊಡ್ಡದಿರಲಿ. ಬ್ಯಾಗ್ ಹೊತ್ತಾಗ ಬೆನ್ನಿನ ಕಿತ್ತಳೆ ಮುಚ್ಚಿಹೋಗುವುದರಿಂದ ಬ್ಯಾಗಿಗೂ ಕಿತ್ತಳೆ ಹೊದಿಕೆ ಕಟ್ಟಿದೆ.

ಬೂಟು: ಬಾಕಿ

ಒಳಗಿನ ಬೆಚ್ಚನೆ ಪದರ (ಇನ್ಸುಲೇಷನ್) 200 ಗ್ರಾಮಿನದೋ 400 ಗ್ರಾಮಿನದೋ ಇನ್ನೂ ತೀರ್ಮಾನವಾಗಿಲ್ಲ. ನಡಿಗೆಯೇ ಹೆಚ್ಚಿದ್ದರೆ 200 ಸರಿ; 400ರಲ್ಲಿ ಪಾದ ಬೆವೆತು, ಕೂತಾಗ ಮರಗಟ್ಟುತ್ತದೆ. ಅಳತೆ ಅರ್ಧ ಸೈಜ್ ದೊಡ್ಡದೇ ಬೇಕು. ಬಿಗಿ ಬೂಟಿನೊಳಗೆ ಎರಡೆರಡು ಸಾಕ್ಸ್ ತುರುಕಿದರೆ ರಕ್ತ ಸರಿಯಾಗಿ ಹರಿಯದೆ ಬೆರಳು ಇನ್ನಷ್ಟು ತಣ್ಣಗಾಗುತ್ತವೆ.

ಉಳಿದದ್ದು

ರೈಫಲಿನ ಬೋಲ್ಟಿನ (ಗುಂಡನ್ನು ಒಳಕ್ಕೆ ತಳ್ಳುವ ಭಾಗ) ಎಣ್ಣೆ ಪೂರ್ತಿ ಒರೆಸಿ, ಒಣ ಗ್ರಾಫೈಟ್ ಹಾಕಿದ್ದಾಗಿದೆ. ದಪ್ಪ ಎಣ್ಣೆ ಚಳಿಗೆ ಅಂಟಾಗಿ ಫೈರಿಂಗ್ ಪಿನ್ (ಗುಂಡಿನ ಹಿಂಬದಿಗೆ ಬಡಿಯುವ ಕಡ್ಡಿ) ನಿಧಾನವಾದರೆ ಗುಂಡು ಸಿಡಿಯದು. ನಳಿಕೆಯ ಬಾಯಿಗೆ ಒಂದು ಸುತ್ತು ಟೇಪ್, ಹಿಮ ನುಗ್ಗದಂತೆ. ರೈಫಲನ್ನು ಬೆಚ್ಚಗಿನ ಟೆಂಟಿನೊಳಕ್ಕೆ ತರಬಾರದು: ಲೋಹದ ಮೇಲೆ ಕೂತ ತೇವ ಬೆಳಗ್ಗೆ ಹೊರಗೆ ಹೆಪ್ಪುಗಟ್ಟುತ್ತದೆ. ಬ್ಯೂಟೇನ್ ಸುಮಾರು 0 ಡಿಗ್ರಿಯಲ್ಲೇ ಅನಿಲವಾಗುವುದನ್ನು ನಿಲ್ಲಿಸುವುದರಿಂದ ಸ್ಟೌವ್ ವೈಟ್ ಗ್ಯಾಸ್‌ನದು (ಶುದ್ಧೀಕರಿಸಿದ ದ್ರವ ಇಂಧನ). ಟೊಳ್ಳುನಾರಿನ ನೀರಿನ ಫಿಲ್ಟರ್ ಒಮ್ಮೆ ಹೆಪ್ಪುಗಟ್ಟಿದರೆ ಕೆಟ್ಟಂತೆಯೇ, ಹೊರಗಿನಿಂದ ಗೊತ್ತೂ ಆಗದು. ಹಗಲು ಜೇಬಿನಲ್ಲಿ, ರಾತ್ರಿ ಮಲಗುಚೀಲದಲ್ಲಿ ಅದರ ಜಾಗ. ಹೆಡ್‌ಲ್ಯಾಂಪಿಗೆ ಲಿಥಿಯಂ ಸೆಲ್.

ಮುಂದಿನ ವಾರ, ಬೇಟೆಯ ಮಾಂಸದ ಭಾರಕ್ಕೆ ಬದಲಾಗಿ, ಬ್ಯಾಗ್ ಫ್ರೇಮಿಗೆ 25 ಕೆಜಿ ಮರಳು ಕಟ್ಟಿ ಸೊಂಟಪಟ್ಟಿ ಜಾರುತ್ತದೆಯೇ ನೋಡುವುದಿದೆ.