ಪರ್ಸಿಯಸ್ಸನ ದಾರಿಯಲ್ಲಿ ನಮ್ಮ ಮೇಷ್ಟ್ರು

ಬಿ.ಎ. ಓದುವಾಗ ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡಿದ್ದ ನಮ್ಮ ತರಗತಿಯವರಿಗೆ ಗ್ರೀಕ್ ಪುರಾಣದ ಪರಿಚಯವಾದದ್ದು ಒಂದೇ ಕಥೆಯ ಮೂಲಕ. ಅದು ತನ್ನ ಮುಖ ನೋಡಿದವರನ್ನು ಕಲ್ಲಾಗಿಸುವ ರಾಕ್ಷಸಿ ಮೆಡೂಸಾಳ ತಲೆಯನ್ನು ಕತ್ತರಿಸಿ ತಂದ ಪರ್ಸಿಯಸ್ಸನ ಕಥೆ. ಪಠ್ಯಕ್ರಮದಲ್ಲಿ ಅದಕ್ಕಿದ್ದ ಜಾಗ ಚಿಕ್ಕದು. ಅಮೆರಿಕದ ವಿದ್ವಾಂಸ ಜೋಸೆಫ್ ಕ್ಯಾಂಪ್‌ಬೆಲ್ 1949ರಲ್ಲಿ ಮುಂದಿಟ್ಟ ನಾಯಕನ ಪಯಣದ ಹಂತಗಳನ್ನು ಯಾವುದಾದರೊಂದು ಪುರಾಣಕ್ಕೆ ಅನ್ವಯಿಸಿ ಬರೆಯಿರಿ ಎಂಬ ಪ್ರಶ್ನೆ ಪರೀಕ್ಷೆಗೆ ಬರುತ್ತಿತ್ತು, ಅಷ್ಟೆ. ಹಂತಗಳ ಹೆಸರನ್ನು ಬರೆಸಿ, ಪ್ರತಿಯೊಂದರ ಮುಂದೆ ಒಂದೊಂದು ಘಟನೆಯನ್ನು ಹೇಳಿ ಮುಗಿಸಬಹುದಾಗಿದ್ದ ಆ ಪಾಠವನ್ನು ನಮ್ಮ ಮೇಷ್ಟ್ರು ವಾರಗಟ್ಟಲೆ ಮಾಡಿದರು. ನಾನು ಓದುವುದನ್ನು ಕಲಿತದ್ದು ಆ ವಾರಗಳಲ್ಲಿ ಎಂದು ಇಂದಿಗೂ ನಂಬಿದ್ದೇನೆ.

ಅವರು ಮೊದಲು ಸಿದ್ಧಾಂತದ ಬೇರನ್ನು ತೋರಿಸಿದರು. ಹುಟ್ಟು, ಪ್ರಾಯಕ್ಕೆ ಬರುವುದು, ಮದುವೆ ಮುಂತಾದ ಸಂದರ್ಭಗಳ ಆಚರಣೆಗಳಲ್ಲಿ ಅಗಲುವಿಕೆ, ನಡುವಿನ ಸ್ಥಿತಿ, ಮತ್ತೆ ಸೇರ್ಪಡೆ ಎಂಬ ಮೂರು ಘಟ್ಟಗಳಿರುತ್ತವೆ ಎಂದು ಜಾನಪದ ವಿದ್ವಾಂಸ ಆರ್ನಾಲ್ಡ್ ವಾನ್ ಗೆನೆಪ್ 1909ರಲ್ಲಿ ಹೇಳಿದ್ದರು. ಕ್ಯಾಂಪ್‌ಬೆಲ್ ಆ ಚೌಕಟ್ಟನ್ನೇ ದೊಡ್ಡದು ಮಾಡಿ ನಿರ್ಗಮನ, ದೀಕ್ಷೆ, ಮರಳುವಿಕೆ ಎಂಬ ಮೂರು ಭಾಗಗಳನ್ನು, ಅವುಗಳೊಳಗೆ ಒಟ್ಟು 17 ಹಂತಗಳನ್ನು ಗುರುತಿಸಿದರು. ಎಲ್ಲ ಕಥೆಗಳಲ್ಲೂ ಎಲ್ಲ ಹಂತಗಳು ಇರುವುದಿಲ್ಲ, ಕೆಲವು ಕಥೆಗಳು ಒಂದೆರಡನ್ನೇ ಹಿಡಿದು ಬೆಳೆಸುತ್ತವೆ ಎಂದು ಅವರೇ ಒಪ್ಪಿದ್ದಾರೆ. ಗೈಡ್ ಪುಸ್ತಕಗಳು ಬಿಟ್ಟುಬಿಡುವ ಈ ಮಾತನ್ನು ಮೇಷ್ಟ್ರು ನಮ್ಮ ಟಿಪ್ಪಣಿಯಲ್ಲಿ ಅಡಿಗೆರೆ ಎಳೆಸಿ ಬರೆಸಿದ್ದರು.

ಕಥೆಯ ಆರಂಭ ನಮಗೆ ಅಪರಿಚಿತವೆನಿಸಲಿಲ್ಲ. ಮಗಳ ಮಗನಿಂದಲೇ ನಿನಗೆ ಸಾವು ಎಂಬ ದೈವವಾಣಿಗೆ ಹೆದರಿದ ಆರ್ಗೋಸಿನ ದೊರೆ ಅಕ್ರಿಸಿಯಸ್ ತನ್ನ ಮಗಳು ಡನಾಯೆಯನ್ನು ಕಂಚಿನ ಕೋಣೆಯೊಂದರಲ್ಲಿ ಸೆರೆಯಿಡುತ್ತಾನೆ. ಸ್ಯೂಸ್ ದೇವತೆ ಚಿನ್ನದ ಮಳೆಯಾಗಿ ಸುರಿದು ಅವಳಲ್ಲಿ ಪರ್ಸಿಯಸ್ ಹುಟ್ಟುತ್ತಾನೆ. ಅಜ್ಜ ತಾಯಿ ಮಗು ಇಬ್ಬರನ್ನೂ ಪೆಟ್ಟಿಗೆಯಲ್ಲಿಟ್ಟು ಕಡಲಿಗೆ ಬಿಡುತ್ತಾನೆ. ಕಂಸನ ನೆನಪಾಗುತ್ತದೆ ಎಂದು ಒಬ್ಬರು, ಕರ್ಣನ ನೆನಪಾಗುತ್ತದೆ ಎಂದು ಇನ್ನೊಬ್ಬರು ಹೇಳಿದೆವು. ಹೋಲಿಕೆ ಕಂಡದ್ದು ಸರಿ, ಈಗ ವ್ಯತ್ಯಾಸ ಹೇಳಿ ಎಂದರು ಮೇಷ್ಟ್ರು. ಸ್ವಲ್ಪ ಹೊತ್ತಿನ ಮೇಲೆ ಉತ್ತರವನ್ನು ಅವರೇ ಕೊಟ್ಟರು: ಇಲ್ಲಿ ಪೆಟ್ಟಿಗೆಯೊಳಗೆ ತಾಯಿಯೂ ಇದ್ದಾಳೆ. ಆಮೇಲೆ ಕ್ರಿಸ್ತಪೂರ್ವ ಕಾಲದ ಕವಿ ಸಿಮೊನೈಡೀಸನ, ಇಂದು ತುಣುಕಾಗಿ ಮಾತ್ರ ಉಳಿದಿರುವ ಪದ್ಯವೊಂದರ ಭಾವವನ್ನು ಕನ್ನಡದಲ್ಲಿ ಹೇಳಿದರು. ಹೊರಗೆ ಗಾಳಿ, ಅಲೆ; ಒಳಗೆ ಕತ್ತಲು; ಡನಾಯೆ ಮಗುವಿನ ಮೇಲೆ ಕೈಯಿಟ್ಟು, ನೀನು ಮಲಗು, ಕಡಲೂ ಮಲಗಲಿ, ನಮ್ಮ ಈ ಅಳತೆಯಿಲ್ಲದ ಕಷ್ಟವೂ ಮಲಗಲಿ ಎನ್ನುತ್ತಾಳೆ. ಇಂಗ್ಲಿಷ್ ತರಗತಿಯಲ್ಲಿ ಅವರು ಕನ್ನಡ ಬಳಸುತ್ತಿದ್ದದ್ದು ತೀರ ಅಪರೂಪ. ಆದ್ದರಿಂದಲೇ ಇರಬೇಕು, ಆ ಸಾಲುಗಳು ನಮ್ಮಲ್ಲಿ ಹಲವರಿಗೆ ಇನ್ನೂ ಬಾಯಿಗೆ ಬರುತ್ತವೆ.

ಹಂತಗಳ ಪಟ್ಟಿಗೂ ಕಥೆಗೂ ಮೊದಲ ತಿಕ್ಕಾಟ ಅಲ್ಲಿಯೇ ಶುರುವಾಗಿತ್ತು. ಕ್ಯಾಂಪ್‌ಬೆಲ್ ‘ತಿಮಿಂಗಿಲದ ಹೊಟ್ಟೆ’ ಎಂದು ಕರೆಯುವ ಹಂತ, ಅಂದರೆ ನಾಯಕನು ಕತ್ತಲೆಯಲ್ಲಿ ಮುಳುಗಿ ಹೊಸದಾಗಿ ಹುಟ್ಟಿಬರುವ ಹಂತ, ಸಾಹಸಕ್ಕೆ ಕರೆ ಬಂದು ಪರಿಚಿತ ಲೋಕದ ಹೊಸಿಲು ದಾಟಿದ ಮೇಲೆ ಬರಬೇಕಾದದ್ದು. ಪರ್ಸಿಯಸ್ ಅದನ್ನು ಹಸುಗೂಸಾಗಿದ್ದಾಗಲೇ ಕಳೆದಿರುತ್ತಾನೆ. ಸೆರಿಫೋಸ್ ದ್ವೀಪದಲ್ಲಿ ಡಿಕ್ಟಿಸ್ ಎಂಬವನು ಆ ಪೆಟ್ಟಿಗೆಯನ್ನು ದಡಕ್ಕೆ ಎತ್ತಿ, ಮಗುವನ್ನು ಸಾಕುತ್ತಾನೆ. ಇನ್ನು ಕರೆಯನ್ನು ನಿರಾಕರಿಸುವ ಹಂತವಂತೂ ಇಲ್ಲವೇ ಇಲ್ಲ. ಡನಾಯೆಯ ಮೇಲೆ ಕಣ್ಣಿಟ್ಟಿದ್ದ ದ್ವೀಪದ ದೊರೆ ಪಾಲಿಡೆಕ್ಟಿಸ್ ಕಾಣಿಕೆ ಕೇಳಿದಾಗ, ಗಾರ್ಗನ್‌ಳ (ಅಂದರೆ ಮೆಡೂಸಾಳ) ತಲೆಯಾದರೂ ತಂದೇನು ಎಂದು ಹುಡುಗನೇ ಹೇಳಿಬಿಡುತ್ತಾನೆ. ದೊರೆ ಆ ಮಾತನ್ನೇ ಹಿಡಿದುಕೊಳ್ಳುತ್ತಾನೆ. ಕರೆ ಹೊರಗಿನಿಂದ ಬರಲಿಲ್ಲ, ಅವನ ಬಾಯಿಂದಲೇ ಬಂತು. ಪಟ್ಟಿಯಲ್ಲಿ ಒಂದು ಹಂತ ಸಿಗದಿದ್ದರೆ ಅದನ್ನು ಹೊಂದಿಸಲು ಹೋಗಬೇಡಿ, ಏಕೆ ಸಿಗಲಿಲ್ಲ ಎಂದು ಬರೆಯಿರಿ, ಅದಕ್ಕೇ ನಾನು ಅಂಕ ಕೊಡುತ್ತೇನೆ ಎಂದರು ಮೇಷ್ಟ್ರು.

ದೈವದ ನೆರವು ಮತ್ತು ಪರೀಕ್ಷೆಗಳ ಭಾಗ ಸಲೀಸಾಗಿ ಸಾಗಿತು. ದೇವತೆಗಳಾದ ಹರ್ಮಿಸ್ ಮತ್ತು ಅಥೀನಾ ದಾರಿ ತೋರುತ್ತಾರೆ. ಮೂವರಿಗೂ ಸೇರಿ ಒಂದೇ ಕಣ್ಣು, ಒಂದೇ ಹಲ್ಲು ಇರುವ ಮುದಿ ಸೋದರಿಯರು ಅವನ್ನು ಕೈಯಿಂದ ಕೈಗೆ ದಾಟಿಸುವಾಗ ಪರ್ಸಿಯಸ್ ಕಸಿದುಕೊಂಡು, ದಾರಿ ಕೇಳಿ ತಿಳಿದು, ಮರಳಿಸುತ್ತಾನೆ. ರೆಕ್ಕೆಯ ಪಾದರಕ್ಷೆ, ಚೀಲ, ತೊಟ್ಟವರನ್ನು ಮರೆಮಾಡುವ ಟೋಪಿ, ಕುಡುಗೋಲು ಅವನಿಗೆ ದೊರೆಯುತ್ತವೆ. ನಿದ್ರಿಸುತ್ತಿದ್ದ ಮೆಡೂಸಾಳನ್ನು ಅವನು ನೇರವಾಗಿ ನೋಡುವುದಿಲ್ಲ, ಕಂಚಿನ ಗುರಾಣಿಯಲ್ಲಿ ಮೂಡಿದ ಅವಳ ಬಿಂಬವನ್ನು ನೋಡುತ್ತಾನೆ. ಅಥೀನಾ ಅವನ ಕೈಯನ್ನು ನಡೆಸುತ್ತಾಳೆ.

ಗಂಭೀರವಾದ ಚರ್ಚೆ ನಡೆದದ್ದು, ಪರ್ಸಿಯಸ್ ಮರಳುವ ದಾರಿಯಲ್ಲಿ ಕಾಪಾಡಿ ಮದುವೆಯಾದ ರಾಜಕುಮಾರಿ ಆ್ಯಂಡ್ರೊಮಿಡಾಳ ವಿಷಯದಲ್ಲಿ. ದೀಕ್ಷೆಯ ಭಾಗದಲ್ಲಿ ‘ದೇವಿಯ ಭೇಟಿ’ ಎಂಬ ಹಂತವಿದೆ. ಅಲ್ಲಿ ಆ್ಯಂಡ್ರೊಮಿಡಾಳನ್ನು ಇಡುವುದು ರೂಢಿ. ನಮ್ಮ ಸಹಪಾಠಿಯೊಬ್ಬಳು ಇದನ್ನು ಒಪ್ಪಲಿಲ್ಲ. ಕಡಲ ಕನ್ಯೆಯರಿಗಿಂತ ತಾನು ಚೆಲುವೆ ಎಂದು ಜಂಬ ಕೊಚ್ಚಿಕೊಂಡದ್ದು ತಾಯಿ ಕ್ಯಾಸಿಯೋಪಿಯಾ, ಆ ತಪ್ಪಿಗೆ ಕಡಲ ಮೃಗಕ್ಕೆ ಬಲಿಯಾಗಿ ಮಗಳನ್ನು ಬಂಡೆಗೆ ಕಟ್ಟಿದ್ದು ತಂದೆ ಸೀಫಿಯಸ್, ಮದುವೆ ಮಾಡಿಕೊಡುವುದಾದರೆ ಕಾಪಾಡುತ್ತೇನೆ ಎಂದು ಮೊದಲೇ ಮಾತು ಮಾಡಿಕೊಂಡದ್ದು ಪರ್ಸಿಯಸ್. ಇವರೆಲ್ಲರ ನಡುವೆ ಆ ಹುಡುಗಿಯ ಪಯಣಕ್ಕೆ ಈ ಪಟ್ಟಿಯಲ್ಲಿ ಹಂತ ಯಾವುದು ಎಂದು ಅವಳು ಕೇಳಿದಳು. ಮೇಷ್ಟ್ರು ಉತ್ತರ ಹೇಳುವ ಆತುರ ತೋರಲಿಲ್ಲ. ಮರುದಿನದ ಅವಧಿಯನ್ನು ಅವಳಿಗೇ ಬಿಟ್ಟುಕೊಟ್ಟು, ತಾವು ನಮ್ಮೊಡನೆ ಬೆಂಚಿನಲ್ಲಿ ಕುಳಿತು ಕೇಳಿದರು. ಅವಳ ಪ್ರಶ್ನೆ ಸರಿಯಾದದ್ದು ಎಂಬುದೇ ನನ್ನ ಅಭಿಪ್ರಾಯ. ಹೊರಟವನ ಕಣ್ಣಿನಿಂದಷ್ಟೇ ಲೋಕವನ್ನು ಅಳೆಯುವ ಚೌಕಟ್ಟಿನಲ್ಲಿ ಡನಾಯೆಗೂ, ಆ್ಯಂಡ್ರೊಮಿಡಾಗೂ, ಮೆಡೂಸಾಗೂ ದಕ್ಕುವ ಜಾಗ ಕಡಿಮೆ.

ಮರಳುವಿಕೆಯ ಭಾಗವನ್ನು ಮೇಷ್ಟ್ರು ಎಲ್ಲಕ್ಕಿಂತ ನಿಧಾನವಾಗಿ ಮಾಡಿದರು, ಏಕೆಂದರೆ ಅವರ ಪ್ರಕಾರ ಪರ್ಸಿಯಸ್ಸನ ದೊಡ್ಡತನವಿರುವುದು ಅಲ್ಲಿ. ಸೆರಿಫೋಸಿಗೆ ಬಂದಾಗ ತಾಯಿಯೂ ಡಿಕ್ಟಿಸನೂ ಪಾಲಿಡೆಕ್ಟಿಸನ ಹಿಂಸೆಗೆ ಹೆದರಿ ದೇವಪೀಠದ ಬಳಿ ಆಶ್ರಯ ಪಡೆದಿರುತ್ತಾರೆ. ಮೆಡೂಸಾಳ ತಲೆಯನ್ನು ತೋರಿಸಿ ದೊರೆಯನ್ನೂ ಅವನ ಗೆಳೆಯರನ್ನೂ ಕಲ್ಲಾಗಿಸಿದ ಪರ್ಸಿಯಸ್, ತಾನು ಸಿಂಹಾಸನ ಏರದೆ ಡಿಕ್ಟಿಸನನ್ನು ದೊರೆಯಾಗಿ ಮಾಡುತ್ತಾನೆ. ಪಾದರಕ್ಷೆ, ಚೀಲ, ಟೋಪಿಗಳನ್ನು ಹರ್ಮಿಸನಿಗೆ ಮರಳಿಸುತ್ತಾನೆ. ತಲೆಯನ್ನು ಅಥೀನಾಳಿಗೆ ಕೊಡುತ್ತಾನೆ. ಕೊನೆಯ ಹಂತಗಳಲ್ಲಿ ಬರುವ ‘ಎರಡು ಲೋಕಗಳ ಒಡೆತನ’ ಅವನ ಕೈಯಲ್ಲೇ ಇತ್ತು. ಅವನು ಅದನ್ನು ಇಟ್ಟುಕೊಳ್ಳಲಿಲ್ಲ. ಅಲ್ಲಿಂದಾಚೆಗೆ ಅವನು ಬರಿಯ ಮನುಷ್ಯ, ಮತ್ತು ಮನುಷ್ಯನಾಗಿಯೇ ಲಾರಿಸಾದ ಕ್ರೀಡೆಗಳಲ್ಲಿ ಚಕ್ರ ಎಸೆಯುತ್ತಾನೆ. ಅದು ಮೊಮ್ಮಗನಿಗೆ ಹೆದರಿ ಅಲ್ಲಿಗೆ ಓಡಿಬಂದಿದ್ದ ಅಕ್ರಿಸಿಯಸ್ಸನ ಪಾದಕ್ಕೆ ತಗುಲಿ ಮುದುಕ ಸಾಯುತ್ತಾನೆ. ತನ್ನಿಂದ ಸತ್ತವನ ರಾಜ್ಯವನ್ನು ಆಳಲು ನಾಚಿದ ಪರ್ಸಿಯಸ್, ಆರ್ಗೋಸನ್ನು ಬಂಧು ಮೆಗಪೆಂಥಿಸನಿಗೆ ಬಿಟ್ಟುಕೊಟ್ಟು, ಬದಲಿಗೆ ಅವನ ಟಿರಿನ್ಸ್ ರಾಜ್ಯವನ್ನು ಪಡೆಯುತ್ತಾನೆ. ಹೊರಟ ಊರಿಗೆ ಮರಳಿ ಬಂದರೂ ಅಲ್ಲಿ ನಿಲ್ಲಲಾಗದ ನಾಯಕನಿಗೆ 17 ಹಂತಗಳಲ್ಲಿ ಯಾವುದೂ ಪೂರ್ತಿ ಹೊಂದುವುದಿಲ್ಲ.

ಈಗ ಓದುತ್ತಿರುವ ತಮ್ಮ ತಂಗಿಯರಿಗೆ ನನ್ನದೊಂದು ವಿನಂತಿ. ಈ ಇಡೀ ಕಥೆ ಅಪೊಲೊಡೋರಸನ ಹೆಸರಿನಲ್ಲಿ ಬಂದಿರುವ ಪುರಾಣ ಸಂಗ್ರಹದ ಎರಡನೆಯ ಭಾಗದ ನಾಲ್ಕನೆಯ ಅಧ್ಯಾಯದಲ್ಲಿ ಕೆಲವೇ ಪುಟಗಳಲ್ಲಿ ಸಿಗುತ್ತದೆ. ಜೇಮ್ಸ್ ಫ್ರೇಜರ್ 1921ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದ ಓದಲು ಕಷ್ಟವಲ್ಲ. ಹಂತಗಳ ಪಟ್ಟಿಯನ್ನು ಕೈಗೆತ್ತಿಕೊಳ್ಳುವ ಮೊದಲು ಅದನ್ನು ಒಮ್ಮೆ ಪೂರ್ತಿಯಾಗಿ ಓದಿ. ನಮ್ಮ ಮೇಷ್ಟ್ರು ತಮ್ಮ ಪ್ರತಿಯ ಜೆರಾಕ್ಸ್ ಮಾಡಿಸಿ, ಒಂದು ಪೈಸೆಯನ್ನೂ ತೆಗೆದುಕೊಳ್ಳದೆ, ಪಾಠ ಶುರುವಾಗುವ ಮೊದಲೇ ನಮಗೆಲ್ಲ ಅದನ್ನು ಹಂಚಿದ್ದರು.