ನಾಲ್ಕು ಬಿಟ್ರೆ ಬಾಯಿ ಬಿಡ್ತಾನೆ

26 ಜೂನ್ 2025, ಗುರುವಾರ
ದಾವಣಗೆರೆ

ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ, ಗಿರಾಕಿನೇ ಇಲ್ಲ, ಅಂಗಡಿ ಬೇಗ ಮುಚ್ಚಿ ಜಯದೇವ ಸರ್ಕಲ್ ಹತ್ರ ಮಂಡಕ್ಕಿ ಮಿರ್ಚಿಗೆ ಹೋದ್ವಿ, ನಾನು, ನಮ್ಮ ಲಾಯರ್ ದೋಸ್ತ, ರಿಟೈರ್ಡ್ ಮೇಷ್ಟ್ರು. ಇವತ್ತು ಚಿತ್ರಹಿಂಸೆ ಅನುಭವಿಸಿದವರ ಪರವಾಗಿ ವಿಶ್ವಸಂಸ್ಥೆ ಇಟ್ಟಿರೋ ದಿನ ಅಂತೆ, ಲಾಯರ್ ಅಲ್ಲಿಂದಲೇ ಶುರು ಹಚ್ಕೊಂಡ. ಚಿತ್ರಹಿಂಸೆ ವಿರುದ್ಧದ ಒಪ್ಪಂದಕ್ಕೆ ನಮ್ಮ ದೇಶ 1997ರಲ್ಲೇ ಸಹಿ ಹಾಕೈತೆ, ಅನುಮೋದನೆ ಮಾತ್ರ ಇವತ್ತಿಗೂ ಕೊಟ್ಟಿಲ್ಲ. ಮೇಷ್ಟ್ರು ಮಿರ್ಚಿ ಮುರೀತಾ, "ನಿಶ್ಚಿತಾರ್ಥ ಆಗಿ 28 ವರ್ಷ ಆತು, ತಾಳಿ ಕಟ್ಟೋ ಮಾತೇ ಇಲ್ಲ ಅನ್ನಪ್ಪ" ಅಂದ್ರು.

ಅನುಮೋದನೆ ಕೊಡೋಕೆ ಮುಂಚೆ ನಮ್ಮದೇ ಒಂದು ಕಾನೂನು ಇರ್ಲಿ ಅಂತ 2010ರ ಮೇನಲ್ಲಿ ಲೋಕಸಭೆ ಮಸೂದೆ ಪಾಸ್ ಮಾಡ್ತು, ರಾಜ್ಯಸಭೆ ಸೆಲೆಕ್ಟ್ ಕಮಿಟಿಗೆ ಹಾಕ್ತು, ಕಮಿಟಿ ತಿದ್ದಿ ಕೊಡ್ತು, ಅಷ್ಟೇ, 2014ರಲ್ಲಿ ಲೋಕಸಭೆ ಅವಧಿ ಮುಗೀತು, ಮಸೂದೆನೂ ಬಿದ್ದೋಯ್ತು. 2017ರಲ್ಲಿ ಕಾನೂನು ಆಯೋಗ ತನ್ನ 273ನೇ ವರದಿ ಜೊತೆ ಇನ್ನೊಂದು ಕರಡು ಕೊಡ್ತು. ಅದರಲ್ಲಿ ಶಿಕ್ಷೆ ಜೀವಾವಧಿ ತನಕ. ಜಗಳ ಹತ್ತಿದ್ದು ಇನ್ನೊಂದು ಸಲಹೆಗೆ: ಕಸ್ಟಡಿಲಿ ಇದ್ದವನ ಮೈಮೇಲೆ ಗಾಯ ಆದ್ರೆ ಪೊಲೀಸರೇ ಮಾಡಿದ್ದು ಅಂತ ಕೋರ್ಟ್ ಇಟ್ಕೋಬೇಕು, ಅಲ್ಲ ಅಂತ ತೋರಿಸೋದು ಅವರ ಹಣೆಬರಹ.

ಪಕ್ಕದ ಬೆಂಚಿನೋರು ತಡ್ಕೊಳ್ಲಿಲ್ಲ. ಅವರ ತಮ್ಮ ಕಾನ್‌ಸ್ಟೇಬಲ್ ಅಂತೆ. "ಕಳ್ಳ ತಾನೇ ಗೋಡೆಗೆ ತಲೆ ಚಚ್ಕೊಂಡ್ರೆ? ಮೇಲಿನೋರು ಎರಡೇ ದಿನದಾಗೆ ರಿಕವರಿ ತೋರ್ಸು ಅಂತಾರೆ, ಜನ ಸ್ಟೇಷನ್ ಮುಂದೆ ಕೂಗಾಡ್ತಾರೆ, ಕೇಸ್ ಬೀಳೋದು ಮಾತ್ರ ನನ್ನ ತಮ್ಮನ ಮೇಲಾ?" ಅಂದ್ರು. ಇದಕ್ಕೆ ಲಾಯರ್ ಹತ್ರ ತಕ್ಷಣ ಉತ್ತರ ಇರ್ಲಿಲ್ಲ. ಆಮೇಲೆ ಪಶ್ಚಿಮ ಬಂಗಾಳದ ಪುರುಲಿಯಾ ಕಥೆ ತೆಗೆದ, 1995ರಲ್ಲಿ ವಿಮಾನದಿಂದ ಬಂದೂಕು ಸುರಿದ ಕೇಸು, ಆರೋಪಿ, ಡೆನ್ಮಾರ್ಕಿನ ಕಿಮ್ ಡೇವಿನ ಕಳ್ಸಿ ಅಂತ ಭಾರತ ಕೇಳಿದ್ರೆ 2011ರಲ್ಲಿ ಡೆನ್ಮಾರ್ಕ್ ಕೋರ್ಟ್, ಭಾರತದಲ್ಲಿ ಚಿತ್ರಹಿಂಸೆ ಆಗೋ ಅಪಾಯ ಇದೆ, ಕಳ್ಸಲ್ಲ ಅಂದುಬಿಡ್ತು.

ನಾನು ಬಾಯಿ ಬಿಡ್ಲಿಲ್ಲ. ಹೋದ ವರ್ಷ ನನ್ನ ಬೈಕ್ ಕಳುವಾದಾಗ ಸ್ಟೇಷನ್‌ನಲ್ಲಿ ನಿಂತ್ಕೊಂಡು, ಓಣಿ ತುದಿ ಪಂಕ್ಚರ್ ಅಂಗಡಿ ಹುಡುಗನ ಮೇಲೆ ಡೌಟು, ನಾಲ್ಕು ಬಿಟ್ರೆ ಬಾಯಿ ಬಿಡ್ತಾನೆ ಸಾರ್ ಅಂತ ಹೇಳಿದ್ದು ನಾನೇ. ಯಾರೂ ನನ್ನ ಕೇಳಿರ್ಲಿಲ್ಲ. ಬಿಟ್ರು. ಹತ್ತು ದಿನ ಆದ್ಮೇಲೆ ಬೈಕ್ ಹರಿಹರದಲ್ಲಿ ಸಿಕ್ತು, ಕದ್ದೋನು ಬೇರೆ ಯಾರೋ. ಪೊಲೀಸರನ್ನ ಬೈಯೋದು ಸುಲಭ, ಆದ್ರೆ ಅವತ್ತು ಲಾಠಿ ಕೈಗೆ ಕೊಟ್ಟೋನು ನಾನಲ್ವಾ, ಯಾವ ಕರಡಿನಲ್ಲೂ ನನ್ನಂಥೋನಿಗೆ ಕಲಂ ಇರಲ್ಲ ಬಿಡಿ.

ಹುಡುಗ ಅದೇ ಅಂಗಡಿಲಿ ಇದಾನೆ, ಎಡಗೈ ಹೆಬ್ಬೆರಳು ಸರಿಯಾಗಿ ಮಡಚಲ್ಲ. ನಾನು ಈಗ ಗಾಳಿ ಹಾಕ್ಸೋಕೆ ಹೊಂಡದ ಸರ್ಕಲ್ ತನಕ ಹೋಗ್ತೀನಿ.